ಮೇಲೆದ್ದ ಒಂದೇ ಕೈ

ಪ್ರೀತಿಯ ಅಪ್ಪ,

ನಮ್ಮ ಕಾಡು ಉಳಿಯಿತು! ಸರ್ಕಾರದ ಅರಣ್ಯ ಸಂರಕ್ಷಣಾ ಯೋಜನೆಗೆ ಸಲಹಾ ಸಮಿತಿ ಅದನ್ನು ಆರಿಸಿತು.

ತಮ್ಮ ಮನೆಯವರ ಅರ್ಜಿ ಬಂದಾಗ ಸದಸ್ಯರು ಹೊರಗಿರಬೇಕಲ್ಲ, ನಾನು ಕಾರಿಡಾರಿನ ಬೆಂಚಿನಲ್ಲಿದ್ದೆ. “ನೀನು ಸಮಿತೀಲಿದ್ದು ಏನು ಬಂತು ಭಾಗ್ಯ?” ಅಂತ ನೀವು ಬೈದಿದ್ದೇ ಕಿವಿಯಲ್ಲಿತ್ತು. ಬಾಗಿಲ ಗಾಜಿನಲ್ಲಿ ಇಣುಕಿದರೆ ಒಂದೇ ಒಂದು ಕೈ ಮೇಲಿತ್ತು. ನಮ್ಮ ಪರ ಒಬ್ಬರೇ ಅಂದುಕೊಂಡೆ! ನಮ್ಮ ಅಧ್ಯಕ್ಷೆ ಯಾವಾಗಲೂ ಮೊದಲು “ಯಾರಿಗೆ ಬೇಡ?” ಎಂದೇ ಕೇಳುತ್ತಾರೆ ಎನ್ನುವುದು ಗಾಬರಿಯಲ್ಲಿ ಮರೆತೇಹೋಗಿತ್ತು. ಆಮೇಲೆ ಉಳಿದ ಕೈಗಳೆಲ್ಲ ಎದ್ದವು!

ಸೋಮವಾರ ಸಮಿತಿಯವರು ಕಾಡಿನ ಗಡಿ ನೋಡಲು ಬರುತ್ತಾರೆ, ನಾನು ಬರುವಂತಿಲ್ಲ. ನಾಯಿಯನ್ನು ಕಟ್ಟಿಹಾಕಿ, ನಿಮ್ಮ ಬಾಯಿಗೂ ಸ್ವಲ್ಪ ಬೀಗ ಇರಲಿ. ಬೇಡವೆಂದು ಕೈ ಎತ್ತಿದ ಮರದ ಮಿಲ್ಲಿನ ಮಾಲೀಕರೂ ನಡೆದು ದಣಿದಿರುತ್ತಾರೆ. ಅಮ್ಮ ಕೂರುತ್ತಿದ್ದ ಮರದ ಕೆಳಗೇ ಅವರನ್ನು ಕೂರಿಸಿ, ನೀರು ಕೊಡಿ.

ಕಾಲು ನೆಲದ ಮೇಲೆ ನಿಲ್ಲದ,
ನಿಮ್ಮ ಮಗಳು