ಪಡವಲಕಾಯಿಯ ಕಲ್ಲನ್ನು ಸೆರೆಹಿಡಿದವರಿಗೆ

ಎಳೆಯ ರೈತರ ತರಕಾರಿ ಸ್ಪರ್ಧೆಯ ಮುಖ್ಯ ತೀರ್ಪುಗಾರರಿಗೆ ಪತ್ರಿಕೆಯ ಮೂಲಕ ಒಂದು ಬಹಿರಂಗ ಪತ್ರ,

ಮಾನ್ಯರೇ,

ಶಿವಮೊಗ್ಗ, ಭದ್ರಾವತಿ ಹಾಗೂ ಆಸುಪಾಸಿನ ಸಮಸ್ತ ನಾಗರಿಕರು ಇನ್ನು ನೆಮ್ಮದಿಯಿಂದ ಬಾಳಬಹುದು. ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲು ಕೊನೆಗೂ ಸೆರೆ ಸಿಕ್ಕಿದೆ. ಭದ್ರಾವತಿಯ ಸ್ಪರ್ಧೆಯಲ್ಲಿ ಪಡವಲಕಾಯಿಯ ತುದಿಗೆ ನೇತಾಡುತ್ತಿದ್ದ ಅದನ್ನು ತಾವು ಖುದ್ದಾಗಿ ಹಿಡಿದು, ಲಕೋಟೆಗೆ ಹಾಕಿ, ಮೊಹರು ಒತ್ತಿ, ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೀರಂತೆ. ಕಲ್ಲಿನ ಬಗ್ಗೆ ನನಗೆ ಚಿಂತೆಯಿಲ್ಲ; ಅದು ನಮ್ಮೂರ ಹಳ್ಳದ್ದು, ಎಲ್ಲಿಟ್ಟರೂ ಹೊಂದಿಕೊಳ್ಳುತ್ತದೆ. ನನ್ನ ತಕರಾರಿರುವುದು ಹದಿನೇಳರ ಹುಡುಗಿ ಲಿಖಿತಾಳ ಹೆಸರಿನ ಮುಂದೆ ತಾವು ಬರೆದ ‘ವಂಚನೆ’ ಎಂಬ ಪದದ ಬಗ್ಗೆ. ಜೊತೆಗೆ, ಆಯನೂರಿನ ಆಚೆಗಿರುವ ನಮ್ಮೂರಿನ ಎಳೆಯ ರೈತರ ಕೂಟವನ್ನೇ ಎರಡು ವರ್ಷ ಸ್ಪರ್ಧೆಯಿಂದ ಹೊರಗಿಟ್ಟ ಆದೇಶದ ಬಗ್ಗೆ. ಹದಿನೆಂಟು ತುಂಬಿದವರಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲ, ಹಾಗಾಗಿ ಲಿಖಿತಾಳಿಗೆ ಇದೇ ಕೊನೆಯ ವರ್ಷ. ಬರುವ ಶನಿವಾರ ಶಿವಮೊಗ್ಗದ ಬಹುಮಾನ ಸಮಾರಂಭದಲ್ಲಿ ಆ ಪದವನ್ನು ಮೈಕಿನಲ್ಲಿ ಓದುವ ಸಿದ್ಧತೆಯೂ ನಡೆದಿದೆಯೆಂದು ಕೇಳಿದೆ. ಹುಡುಗಿ ಎಂಟು ವರ್ಷ ಮಣ್ಣು ಕೆದಕಿದ್ದಕ್ಕೆ ಬೀಳ್ಕೊಡುಗೆ ಇದೇ ಇರಬೇಕು.

ಪಡವಲಕಾಯಿಯನ್ನು ಅದರ ಪಾಡಿಗೆ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಎಳೆಗಾಯಿಯ ತುದಿಗೆ ಕಲ್ಲು ಕಟ್ಟಿದರೆ ನೆಟ್ಟಗೆ ಇಳಿಯುತ್ತದೆ. ಇಷ್ಟು ತಮಗೂ ಗೊತ್ತು. ತಮ್ಮ ಅನುಮಾನ ಇನ್ನೂ ಸೂಕ್ಷ್ಮದ್ದು: ಕಾಯಿ ಕೊಯ್ದ ಮೇಲೂ ಕಲ್ಲು ಯಾಕಿದೆ? ತೂಕ ಹೆಚ್ಚಿಸುವ ದುರುದ್ದೇಶದಿಂದ, ಎಂದು ತೀರ್ಮಾನಿಸಿ ಕುಂಬಳಕಾಯಿ ವಿಭಾಗದ ತಕ್ಕಡಿಯನ್ನೇ ತರಿಸಿದಿರಿ. ಆದರೆ ಮಾನ್ಯರೇ, ಪಡವಲಕಾಯಿಗೆ ಇದ್ದದ್ದು ಉದ್ದದ ಸ್ಪರ್ಧೆ. ಎತ್ತರ ಜಿಗಿತದ ಹುಡುಗನ ಜೇಬಿನಲ್ಲಿ ಕಲ್ಲು ಸಿಕ್ಕಿದರೆ ಅವನನ್ನೂ ವಂಚಕನೆನ್ನುವಿರಾ, ಅಥವಾ ಪಾಪ ಅಂತ ಒಂದು ಲೋಟ ನೀರು ಕೊಡುವಿರಾ?

ಕಲ್ಲು ಯಾಕಿತ್ತು ಎಂಬುದಕ್ಕೆ ಉತ್ತರವಿದೆ. ನಾನೂ ಆ ಕೂಟದಲ್ಲೇ ಬೆಳೆದವಳು. ಶಾಲೆಯ ಹಿತ್ತಲಿನಲ್ಲಿ ಪ್ರತಿ ಮಗುವಿಗೂ ಒಂದೊಂದು ಮಡಿ ಹಂಚುತ್ತಿದ್ದ ಶಿವಯೋಗಿ ಮೇಷ್ಟ್ರು ಒಂದು ಕಟ್ಟಳೆ ಮಾಡಿದ್ದರು: ತನ್ನ ಕಾಯಿಗೆ ತಾನೇ ಕಲ್ಲು ಕಟ್ಟುವಂತಿಲ್ಲ. ಕಟ್ಟಿದರೆ ಆಸೆಗೆ ದೊಡ್ಡ ಕಲ್ಲನ್ನೇ ಕಟ್ಟುತ್ತೇವೆ, ಕಾಯಿ ಕತ್ತು ಮುರಿದುಕೊಂಡು ಬೀಳುತ್ತದೆ. ಹಾಗಾಗಿ ಪಕ್ಕದ ಮಡಿಯವರೇ ಕಟ್ಟಬೇಕು, ಕಟ್ಟಿದವರೇ ಬಿಚ್ಚಬೇಕು, ಅದೂ ಸ್ಪರ್ಧೆಯ ಮೇಜಿನ ಬಳಿ, ಅಳತೆಗೆ ಸ್ವಲ್ಪ ಮುಂಚೆ.

ನನ್ನ ಪಕ್ಕದ ಮಡಿಯ ಯಜ್ಞನಾರಾಯಣನಿಗೂ ನನಗೂ ಆ ವರ್ಷ ಮಾತಿರಲಿಲ್ಲ. ಕಾರಣ ಇಬ್ಬರಿಗೂ ಮರೆತಿತ್ತು, ದ್ವೇಷ ಮಾತ್ರ ಚೆನ್ನಾಗಿ ಫಲ ಬಿಟ್ಟಿತ್ತು. ಅಂಥವನ ಕೈಗೆ ನನ್ನ ಎಳೆಗಾಯಿ ಒಪ್ಪಿಸಿ, ಕಳ್ಳನ ಮೇಲೆ ಕಣ್ಣಿಟ್ಟ ಪೊಲೀಸಿನಂತೆ ನಿಂತಿದ್ದೆ. ಅವನು ಒಂದು ಕಲ್ಲು ಎತ್ತಿ ನೋಡಿ ಎಸೆದ, ಇನ್ನೊಂದನ್ನೂ ಎಸೆದ. “ಭಾರ ಆಯ್ತು. ನಿಂದು ಇನ್ನೂ ಎಳೇದು,” ಎಂದು ಗೊಣಗಿ ಸಣ್ಣದೊಂದನ್ನು ಹುಡುಕಿ ಕಟ್ಟಿದ. ಅವನ ಕಾಯಿಗೆ ಕಟ್ಟುವ ಸರದಿ ನನ್ನದಾಗಿತ್ತು ಎಂಬುದೂ ಅವನ ಈ ಔದಾರ್ಯಕ್ಕೆ ಕಾರಣವಿರಬಹುದು. ಈಗ ಅವನಿರುವುದು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ಸಿಕ್ಕಾಗಲೆಲ್ಲ ಜಗಳವಾಡುತ್ತೇವೆ. ಊರಿಗೆ ಹೋಗುವಾಗ ನನ್ನ ಮನೆಯ ಬೀಗದ ಕೈ ಕೊಟ್ಟುಹೋಗುವುದು ಮಾತ್ರ ಅವನಿಗೇ.

ಈಗ ಭದ್ರಾವತಿಗೆ ಬನ್ನಿ. ಲಿಖಿತಾಳ ಪಕ್ಕದ ಮಡಿ ದುಶ್ಯಂತನದು. ಕಲ್ಲು ಕಟ್ಟಿದವನೂ ಅವನೇ, ಅದೇ ವಿಭಾಗದಲ್ಲಿ ಅವಳ ಎದುರಾಳಿಯೂ ಅವನೇ. ಅಂದು ಕರಿಯಣ್ಣನ ಗೂಡ್ಸ್ ಆಟೊದಲ್ಲಿ ಕಾಯಿಗಳು ಮಲಗಿ ಬಂದವು. ಅವನ್ನು ಕಾಯಲು ಲಿಖಿತಾಳಿಗೂ ಅವಳ ಅಮ್ಮ ಪ್ರೇಮಮ್ಮನಿಗೂ ಹೇಗೋ ಜಾಗವಾಯಿತು. ಉಳಿದ ಮಕ್ಕಳು ಬಸ್ಸಿಗೆ. ಬಸ್ಸಿಗಿಂತ ಮೊದಲು ತಾವು ಬಂದಿರಿ. ಇತಿಹಾಸದಲ್ಲಿ ಅಧಿಕಾರಿಯೊಬ್ಬರು ಸಮಯಕ್ಕೆ ಸರಿಯಾಗಿ ಬಂದು ಅನಾಹುತವಾದದ್ದು ಇದೇ ಮೊದಲಿರಬೇಕು. ನಾನು ಹಿಂದೆಯೇ ನಿಂತಿದ್ದೆ.

“ಏನಮ್ಮಾ ಇದು, ಕಲ್ಲು?”

“ಬಿಚ್ಚೋನು ಇನ್ನೂ ಬಂದಿಲ್ಲ ಸರ್. ಬಸ್ಸಲ್ಲಿದಾನೆ.”

“ನೀನೇ ಬಿಚ್ಚು.”

“ನಾನು ಬಿಚ್ಚಂಗಿಲ್ಲ ಸರ್. ನಂದಲ್ವಾ ಕಾಯಿ.”

ಈ ಉತ್ತರ ತಮಗೆ ಉದ್ಧಟತನವಾಗಿ ಕಂಡಿತು. ನನಗೆ ಮಾತ್ರ ಕಣ್ಣು ತುಂಬಿ ಬಂತು; ಪಕ್ಕದ ಮೇಜಿನಲ್ಲಿದ್ದ ಮೂಲಂಗಿಯ ಕಡೆ ನೋಡುತ್ತಾ ನಿಂತೆ. ಅಷ್ಟರಲ್ಲಿ ದುಶ್ಯಂತ ಏದುಸಿರು ಬಿಡುತ್ತಾ ಓಡಿಬಂದು, ಕಲ್ಲು ತನ್ನದೆಂದು ಒಪ್ಪಿಕೊಂಡ. ತಾವು ಅವನನ್ನು ಸಹಅಪರಾಧಿಯಾಗಿ ಸೇರಿಸಿಕೊಂಡು, ಇಬ್ಬರ ಕಾಯಿಯನ್ನೂ ಅಳೆಯದೆ ಮುಂದಿನ ಮೇಜಿಗೆ ನಡೆದಿರಿ. ಎದುರಾಳಿಯನ್ನು ಗೆಲ್ಲಿಸಲು ಬಸ್ಸಿಳಿದು ಓಡಿಬರುವ ಎಷ್ಟು ವಂಚಕರನ್ನು ತಾವು ತಮ್ಮ ಸೇವಾವಧಿಯಲ್ಲಿ ಕಂಡಿದ್ದೀರಿ? ನಾನು ವಾದಕ್ಕೆ ಇಳಿಯುವವಳಿದ್ದೆ, ಪ್ರೇಮಮ್ಮ ಸೆರಗು ಹಿಡಿದು ಎಳೆದರು. “ಉದ್ದ ಅಳೆಯೋಕೆ ತಕ್ಕಡಿ ತರ್ಸಿದೋರ ಹತ್ರ ಏನು ಮಾತಾಡ್ತೀಯ ಮಾರಾಯ್ತಿ. ಬಾ, ಊಟ ಮಾಡಾಣ.” ಊಟದಲ್ಲಿ ಲಿಖಿತಾ ಮಾತ್ರ ಏನೂ ತಿನ್ನಲಿಲ್ಲ. ಮುಂದಿನ ವಾರ ಮಡಿ ಹಂಚಿಕೆ. ಚಿಕ್ಕಮಕ್ಕಳು ಕಲ್ಲು ಕಟ್ಟೋದು ತಪ್ಪಾ ಅಂತ ಕೇಳಿದರೆ ಏನು ಹೇಳಲಿ ಎಂದು ನನ್ನನ್ನು ಕೇಳಿದಳು. ಆ ಪ್ರಶ್ನೆಯನ್ನೇ ದಾಟಿಸಲು ತಮಗೆ ಬರೆಯುತ್ತಿದ್ದೇನೆ.

ನಾವು ಬಹುಮಾನ ಕೇಳುತ್ತಿಲ್ಲ, ಅದನ್ನು ಯಾರಿಗೆ ಬೇಕಾದರೂ ಕೊಡಿ. ಆ ಪದವನ್ನು ಹೊಡೆದುಹಾಕಿ, ಕೂಟದ ಮೇಲಿನ ನಿಷೇಧ ತೆಗೆಯಿರಿ. ಅದೇ ಬಳ್ಳಿಯಲ್ಲಿ ಇನ್ನೊಂದು ಕಾಯಿ ಇಳಿದಿದೆ. ಶನಿವಾರ ವೇದಿಕೆಯಲ್ಲಿ, ಮಕ್ಕಳೆಲ್ಲರ ಎದುರು, ಟೇಪು ಹಿಡಿದು ಅಳೆಯಿರಿ. ಎಷ್ಟುದ್ದ ಬಂತೋ ಅಷ್ಟನ್ನು ಮೈಕಿನಲ್ಲಿ ಹೇಳಿ.

ಇಂತಿ,
ಕೂಟದಲ್ಲಿ ಬೆಳೆದೂ ಒಂದೂ ಬಹುಮಾನ ತರದೆ, ಈಗ ಶಿವಮೊಗ್ಗದ ಗೋಪಾಳ ಬಡಾವಣೆಯ ಬಾಲ್ಕನಿಯ ಮೆಂತ್ಯ ಸೊಪ್ಪಿಗೆ ಇಳಿದಿರುವ
ಶರಾವತಿ

ಓದುಗರಲ್ಲಿ ಒಂದು ವಿನಂತಿ: ಕರಿಯಣ್ಣನ ಆಟೊ ಗ್ಯಾರೇಜು ಸೇರಿದೆ. ಶನಿವಾರ ಬೆಳಿಗ್ಗೆ ಆಯನೂರು ಕಡೆಯಿಂದ ಶಿವಮೊಗ್ಗಕ್ಕೆ ಖಾಲಿ ಬರುವ ಗಾಡಿ ಯಾರದಾದರೂ ಇದ್ದರೆ ತಿಳಿಸಿ. ಹಿಂದೆ ಆರಡಿ ನೆಟ್ಟಗಿನ ಜಾಗ, ಮುಂದೆ ಇಬ್ಬರಿಗೆ ಸೀಟು ಬೇಕು. ತಿಂಡಿ ಪ್ರೇಮಮ್ಮನ ಮನೆಯಲ್ಲಿ. ಗುಂಡಿ ಬಂದಲ್ಲಿ ಸ್ವಲ್ಪ ನಿಧಾನವಾಗಿ ಹೊಡೆಯಿರಿ.