ಪ್ರಿಚರ್ಡ್ ಮಾರಿದ ವೈಪರ್ ಮೋಟಾರು

ಎಮ್ರಿಸ್,

ಎದ್ದವನೇ ಸುತ್ತಿಗೆ ಹಿಡಿದು ಕಾರಿನ ಹತ್ತಿರ ಹೋಗಬೇಡ, ಮೊದಲು ಇದನ್ನು ಓದು.

ನಿನ್ನ ಹಳೇ ಸ್ಪೋರ್ಟ್ಸ್ ಕಾರಿನ ವೈಪರನ್ನು ನಾನೇ ಬಿಚ್ಚಿ ನೋಡಿದೆ. ಪ್ರಿಚರ್ಡ್ ಮಾರಿದ ಮೋಟಾರು ಸುಟ್ಟುಹೋಗಿಲ್ಲ. ಬ್ಯಾಟರಿಗೆ ಹಚ್ಚಿದರೆ ಗಿರ್ರನೆ ತಿರುಗುತ್ತದೆ. ವೈಪರ್ ಎಳೆಯುವ ತಂತಿಯ ಕೊಳವೆಗೆ ನೀನು ಟ್ರ್ಯಾಕ್ಟರಿನ ಗ್ರೀಸು ತುರುಕಿದ್ದೀಯಲ್ಲ, ಅದು ಚಳಿಗೆ ಕುರಿಕೊಬ್ಬಿನ ಹಾಗೆ ಹೆಪ್ಪುಗಟ್ಟಿ ತಂತಿಯನ್ನು ಹಿಡಿದುಕೊಂಡಿದೆ. ಸೀಮೆಎಣ್ಣೆಯಲ್ಲಿ ತೊಳೆದು ತೆಳ್ಳಗೆ ಎಣ್ಣೆ ಸವರಿದರೆ ಸಾಕು.

ಅದು ಆಮೇಲೆ. ಹಾಳು ಮೋಟಾರು ಮಾರಿದನೆಂದು ನೀನು ನಿನ್ನೆ ಕುರಿಸಂತೆಯಲ್ಲಿ ಎಲ್ಲರೆದುರು ಆ ಮುದುಕನ ದವಡೆ ಮುರಿದೆ. ಬಿದ್ದವನನ್ನು ಬೂಟುಗಾಲಲ್ಲಿ ಒದ್ದೆಯಂತೆ ಬೇರೆ. ನಸುಕಿಗೇ ಅವನ ಮಕ್ಕಳಿಬ್ಬರು ಕಬ್ಬಿಣದ ಸಲಾಕೆ ಹಿಡಿದು ಬಂದಿದ್ದರು.

"ಬಾಗಿಲು ಬಿಡು ಗ್ವೆಂಡಕ್ಕ, ನಿನ್ನ ತಮ್ಮನ ಕೈ ಉಳ್ಸಲ್ಲ" ಅಂದರು.

"ಮೊದ್ಲು ನನ್ ಕೈ ಮುರೀರಿ, ಬನ್ರೋ" ಅಂದೆ. ಸಂಜೆ ಬರುತ್ತೇವೆಂದು ಹೋದರು.

ನಾನು ಗುಡ್ಡದ ಕುರಿಗಳಿಗೆ ಹುಲ್ಲು ಹಾಕಲು ಹೋಗಿದ್ದೇನೆ. ಒಲೆಯ ಮೇಲೆ ಸಾರಿದೆ, ಉಂಡುಕೊಂಡು ಸಂಜೆಯೊಳಗೆ ಪ್ರಿಚರ್ಡ್ ಇರುವ ಆಸ್ಪತ್ರೆಗೆ ಹೋಗು. ಅಲ್ಲಿ ಆ ಮಕ್ಕಳೆದುರೇ ತಪ್ಪು ನಿನ್ನದೆಂದು ಹೇಳು. ಪ್ರಿಚರ್ಡ್ ನಿನ್ನನ್ನು ಬೈಯುವುದಿಲ್ಲ. ಬಾಯಿ ತೆರೆಯಲಾಗದಂತೆ ದವಡೆ ಕಟ್ಟಿದ್ದಾರೆ. ಅವನು ಸುಮ್ಮನೆ ನೋಡುತ್ತಿರುತ್ತಾನೆ; ಆ ನೋಟದ ಮುಂದೆ ನಿಂತು ಬಾ.

ಗ್ವೆಂಡಾ