ಇಬ್ಬರ ಗಾಳಿ

ಮ್ಯಾಟ್‌ಲಾಕ್, ಡರ್ಬಿಶೈರ್
ಭಾನುವಾರ, 14 ಏಪ್ರಿಲ್ 1996

ಪ್ರೀತಿಯ ವಿನ್ನಿ,

ಹೇಗಿದ್ದೀಯ? ಸಮುದ್ರದ ಗಾಳಿಗೆ ಕೆಮ್ಮು ಓಡಿಹೋಯಿತು ಎಂದು ಬರೆದಿದ್ದೆಯಲ್ಲ, ಮತ್ತೆ ತಿರುಗಿ ಬಂದಿಲ್ಲ ತಾನೆ? ನಿನ್ನ ಅಕ್ಕ ಮೇವಿಸ್‌ಳ ಸೊಂಟ ಈಗ ಹೇಗಿದೆ? ಕೋಲು ಬಿಟ್ಟು ನಡೆಯುತ್ತಿದ್ದಾಳೆ ಎಂದು ಓದಿ ಖುಷಿಯಾಯಿತು. ಆ ಕೋಲು ಇನ್ನು ನನ್ನ ಬೆನ್ನಿನ ಮೇಲೆ ಆಡುವುದಿಲ್ಲವಲ್ಲ ಎಂಬ ಖುಷಿಯೂ ಅದರಲ್ಲಿ ಸೇರಿದೆ, ಅವಳಿಗೆ ಓದಿ ಹೇಳು. ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಸರಿಯಾದ ಊಟ ಮಾಡುತ್ತಿದ್ದೇನೆ ಎಂದು ಹೇಳಲಿಲ್ಲ, ಗಮನಿಸು. ನಿನ್ನ ಜೆರೇನಿಯಂ ಗಿಡಗಳು ಬದುಕಿವೆ. ಅವುಗಳ ಜೊತೆ ಮಾತಾಡು ಎಂದಿದ್ದೆ, ಆಡುತ್ತೇನೆ. ನಿನ್ನ ಹಾಗೆಯೇ ಅವೂ ನನ್ನ ತಮಾಷೆಗೆ ನಗುವುದಿಲ್ಲ, ಆದರೆ ಎದ್ದು ಒಳಗೆ ಹೋಗುವುದಿಲ್ಲ.

ಈ ಕಾಗದ ನಮ್ಮ ಮುದಿ ಮೋಟಾರ್‌ಸೈಕಲ್ ಡಚೆಸ್ ವಿಷಯ. ಮುಖ ಸಿಂಡರಿಸಬೇಡ. ನನ್ನ ಜೊತೆ ಅವಳ ಮೇಲೆ ಕೂತು ಸ್ಕಾಟ್ಲೆಂಡಿನವರೆಗೆ ಹೋಗಿ ಬಂದವಳು ನೀನು, ಅವಳ ಕ್ಷೇಮಸಮಾಚಾರ ಕೇಳುವ ಋಣ ನಿನಗಿದೆ. ನವೆಂಬರಿನಲ್ಲಿ ನೀನು ರೈಲು ಹತ್ತಿದ ಮೇಲೆ ಅವಳನ್ನು ಶೆಡ್ಡಿನಲ್ಲಿ ಕಂಬಳಿ ಹೊದಿಸಿ ಮಲಗಿಸಿಬಿಟ್ಟಿದ್ದೆ. ಮಾರ್ಚಿನಲ್ಲಿ ಎಬ್ಬಿಸಿದೆ. ನಿನ್ನ ಹತ್ತಿರ ಕ್ರಾಸ್ಟರಿಗೆ ಅವಳ ಮೇಲೆಯೇ ಬರಬೇಕೆಂದಿತ್ತು. ರೈಲಿನಲ್ಲಿ ಬಂದರೆ ನೆಂಟ, ಡಚೆಸ್ ಮೇಲೆ ಬಂದರೆ ಗಂಡ, ಅಷ್ಟೇ ವ್ಯತ್ಯಾಸ. ಆದರೆ ಆ್ಯಶ್‌ಬೋರ್ನ್ ಕಡೆಯ ನೇರ ರಸ್ತೆಯಲ್ಲಿ ವೇಗಕ್ಕೆಂದು ಸ್ವಲ್ಪ ಕಿವಿ ಹಿಂಡಿದೆನೋ ಇಲ್ಲವೋ, ಹ್ಯಾಂಡಲ್ಲು ತಲೆಯಾಡಿಸತೊಡಗಿತು. ಮೊದಲು ಬೇಡ ಬೇಡ ಅನ್ನುವ ಹಾಗೆ ಮೆಲ್ಲಗೆ. ಆಮೇಲೆ ದೆವ್ವ ಮೆಟ್ಟಿದವಳ ಹಾಗೆ. ಕೈ ಬಿಗಿ ಹಿಡಿದಷ್ಟೂ ಜಾಸ್ತಿ. ವೇಗ ಇಳಿಸಿದೆ, ನಿಂತಿತು. ಏರಿಸಿದೆ, ಮತ್ತೆ ಶುರು. ಅಂಗಡಿಗೆ, ಪೋಸ್ಟ್ ಆಫೀಸಿಗೆ ಹೋಗುವಾಗ ಏನೂ ಇಲ್ಲ, ಸಾಧ್ವಿ. ಹೆದ್ದಾರಿಗೆ ಹೋದರೆ ಮಾತ್ರ ಈ ಅವತಾರ. ಹೀಗೆ ತಲೆಯಾಡಿಸುವವಳ ಮೇಲೆ ಕೂತು ಕ್ರಾಸ್ಟರ್ ತಲುಪಿದರೂ ಮೇವಿಸ್ ನನ್ನನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಳಿಸಿಕೊಳ್ಳಬೇಕಾಗುತ್ತಿತ್ತು.

ಹಿಂದಿನ ಟೈರು ನೋಡಿದೆ. ಮಧ್ಯದಲ್ಲಿ ಸವೆದು ಚಪ್ಪಟೆಯಾಗಿ, ಬದಿಯಲ್ಲಿ ನನ್ನ ಕೆನ್ನೆಯ ಹಾಗೆ ಬಿರುಕು ಬಿಟ್ಟಿತ್ತು. ಸರಿ, ಕಳ್ಳ ಸಿಕ್ಕಿದ ಅಂದುಕೊಂಡೆ. ಮನೆಗೆ ಬಂದ ಸೆಲ್ವಿನ್‌ನನ್ನು ಕೇಳಿದೆ. ನಿನ್ನ ಪ್ರಿಯ ಸೆಲ್ವಿನ್ ಅದೇ ಹಳೆಯ ಜಿಗುಟು, ನಮ್ಮ ಬೈಕ್ ಕ್ಲಬ್ಬಿನಲ್ಲಿ ಎಲ್ಲರ ಗಾಡಿಗೂ ಡಾಕ್ಟರು, ತನ್ನ ಗಾಡಿ ಮಾತ್ರ ವರ್ಷವೆಲ್ಲ ಹಾಸಿಗೆ ಹಿಡಿದಿರುತ್ತದೆ. "ಹಳೇ ಗಾಡಿಗೆ ಹಳೇ ಥರದ ಟೈರೇ ಹಾಕ್ಬೇಕು ಕಣೋ. ಮುಂದಕ್ಕೆ ಉದ್ದ ಗೆರೆದು, ಹಿಂದಕ್ಕೆ ಚೌಕ ಚೌಕದ ಅಚ್ಚಿಂದು. ನಮ್ಮಪ್ಪ ಅದೇ ಹಾಕ್ತಿದ್ದ" ಎಂದ. ನಿಮ್ಮಪ್ಪ ಹಳ್ಳಕ್ಕೂ ಬಿದ್ದಿದ್ದರಲ್ಲೋ ಎಂದೆ. "ಅದು ಟೈರಿನ ತಪ್ಪಲ್ಲ, ಬಿಯರಿನ ತಪ್ಪು" ಎಂದ. ಟೈರಿನ ಅಂಗಡಿಗೆ ಹೋಗಿ ಇದನ್ನು ಹೇಳಿದರೆ ಅಲ್ಲಿಯ ನೊರೀನ್ ನಕ್ಕುಬಿಟ್ಟಳು. ನಾನು ಹಿಂದಕ್ಕೆ ಒಂದು ದಪ್ಪನೆಯ ಟೈರಿನ ಮೇಲೆ ಕಣ್ಣು ಹಾಕಿದ್ದೆ, ದಪ್ಪ ಇದ್ದಷ್ಟೂ ನೆಲಕ್ಕೆ ಅಂಟಿಕೊಳ್ಳುತ್ತದೆ ಎಂಬ ನಂಬಿಕೆ. "ಈ ಕಿರಿದಾದ ರಿಮ್ಮಿಗೆ ಅದನ್ನ ತುರುಕಿದ್ರೆ ಎರಡೂ ಬದಿ ಹಿಂಡ್ಕೊಂಡು ನೆತ್ತಿ ಮಾತ್ರ ನೆಲ ಮುಟ್ಟುತ್ತೆ. ಸೆಲ್ವಿನ್ ಹೊಟ್ಟೆಗೆ ನಿನ್ನ ಬೆಲ್ಟ್ ಕಟ್ಟಿದ ಹಾಗೆ" ಎಂದಳು. ಕೊನೆಗೆ ಅವಳು ಆರಿಸಿದ್ದು ಹಳೆಯ ಅಳತೆಯದೇ, ಆದರೆ ಈಗಿನ ಮೆತ್ತನೆಯ ರಬ್ಬರಿನದು, ದುಂಡು ಬೆನ್ನಿನದು. ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ಮನೆತನದ ಜೋಡಿ. "ಮುಂದೊಂದು ಜಾತಿ ಹಿಂದೊಂದು ಜಾತಿ ಮಾಡಿದ್ರೆ ತಿರುವಿನಲ್ಲಿ ಜಗಳ ಆಡ್ತವೆ" ಎಂದಳು. ಬೇರೆ ಬೇರೆ ಮನೆತನದವರು ತಿರುವಿನಲ್ಲಿ ಜಗಳವಾಡುವುದನ್ನು ನಾವೂ ನೋಡಿದ್ದೇವಲ್ಲ, ನಕ್ಷೆ ಯಾವಾಗಲೂ ನಿನ್ನ ಕೈಯಲ್ಲಿ, ಹ್ಯಾಂಡಲ್ಲು ನನ್ನ ಕೈಯಲ್ಲಿ. ಗಾಳಿ ಹಾಕುವಾಗ ನೊರೀನ್ ತಲೆಯೆತ್ತದೆ ಕೇಳಿದಳು, "ಕೂರೋದು ಒಬ್ರಾ, ಇಬ್ರಾ?" ಇಬ್ಬರು ಎಂದೆ. ಅವಳು ಇಬ್ಬರ ಗಾಳಿ ಹಾಕಿ ಕಳಿಸಿದಳು.

ಹೊಸ ಟೈರು ಹಾಕಿ ಅದೇ ರಸ್ತೆಗೆ ಹೋದೆ. ಆಮೇಲೆ ಆದದ್ದನ್ನು ನಾನು ಹೇಳದಿದ್ದರೆ ಸೆಲ್ವಿನ್ ಹೇಳಿಬಿಡುತ್ತಾನೆ, ಆದ್ದರಿಂದ ನಾನೇ ಹೇಳುತ್ತೇನೆ. ಎಡ ತಿರುವಿನಲ್ಲಿ ಡಚೆಸ್ ಎಷ್ಟು ಜೋರಾಗಿ ತಲೆಯಾಡಿಸಿದಳೆಂದರೆ, ಕಲ್ಲಿನ ಗೋಡೆ ತಪ್ಪಿಸಿ ತೆರೆದಿದ್ದ ಗೇಟಿನೊಳಗೆ ನುಗ್ಗಿ ಕುರಿಗಳ ಮಧ್ಯೆ ನಿಂತೆ. ಮೈಯೆಲ್ಲ ಕುರಿ ಹಿಕ್ಕೆ, ಪೆಟ್ಟು ಏನೂ ಇಲ್ಲ. ಕುರಿಗಳು ಸಭೆ ಸೇರಿಸಿ ನನ್ನನ್ನು ನೋಡಿದವು. ಇಂಥ ಹೊತ್ತಿನಲ್ಲಿ ಹಿಂದೆ ತಿರುಗಿ ನಿನ್ನ ಮುಖ ನೋಡುವುದು ಅಭ್ಯಾಸ. ತಿರುಗಿ ನೋಡಿದೆ. ಖಾಲಿ ಸೀಟು. ತಮಾಷೆ ಮಾಡಲು ಯಾರೂ ಇರಲಿಲ್ಲ, ಕುರಿಗಳಿಗೆ ಕೈಮುಗಿದು ಹೊರಗೆ ಬಂದೆ.

ಆಮೇಲೆ ಸೆಲ್ವಿನ್ ನಮ್ಮ ಶೆಡ್ಡಿನಲ್ಲಿ ಬಿಡಾರ ಹೂಡಿದ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಮಂಡಿಗಳ ನಡುವೆ ಹಿಡಿದು ಹಿಂದೆ ಮುಂದೆ ಜಗ್ಗಿ ನೋಡಿದ, ಹ್ಯಾಂಡಲ್ಲಿನ ಕತ್ತಿನ ಬೇರಿಂಗಿನಲ್ಲಿ ಟಕ್ಕೆಂಬ ಸದ್ದಿಲ್ಲ. ಹಿಂದಿನ ಚಕ್ರ ಹಿಡಿದ ತೋಳನ್ನು ಬದಿಗೆ ದೂಡಿದ, ಅಲುಗಲಿಲ್ಲ. ನಿನ್ನ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಚಕ್ರದಿಂದ ಚಕ್ರಕ್ಕೆ ಎಳೆದು ಕಟ್ಟಿ, ಒಂದರ ಹಿಂದೆ ಒಂದು ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ನೇರವಿತ್ತು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿದ, ಎಲ್ಲವೂ ಒಂದೇ ಸ್ವರದಲ್ಲಿ ಹಾಡಿದವು. "ಗಾಡಿಲಿ ಏನೂ ಇಲ್ಲ ಪರ್ಸಿ. ನಡುಕ ಇರೋದು ನಿನ್ನ ಕೈಲಿ" ಎಂದು ಬೈದು, ನನ್ನ ಬಿಸ್ಕತ್ತನ್ನೆಲ್ಲ ಮುಗಿಸಿ ಹೋದ. ಒಂದು ನಿಮಿಷ ನಾನೂ ನಂಬಿದೆ. ಅವನ ಸೈಕಲ್ಲಿನ ಬೆಲ್ಲಿನೊಳಗೆ ಬಟಾಣಿ ತುಂಬಿದ್ದೆ, ಗೇಟು ದಾಟುವಾಗ ಅದು ಟ್ರಿಣ್ ಎನ್ನದೆ ಬರೀ ಮುಲುಗಿದ್ದನ್ನು ಕೇಳಿ ಸಮಾಧಾನವಾಯಿತು.

ಈಗ ಹೋದ ಭಾನುವಾರದ ಕಥೆ. ಈಸ್ಟರ್ ಅಲ್ಲವೇ, ನದಿ ದಂಡೆಯ ಉದ್ದಕ್ಕೂ ಕ್ಲಬ್ಬಿನವರ ಗಾಡಿಗಳು ಸಾಲಾಗಿ ನಿಂತಿರುತ್ತವೆ, ಬೇಕನ್ ವಾಸನೆ, ಅವರಿವರ ಗಾಡಿಯ ಮುಂದೆ ಬಗ್ಗಿ ಕೂತ ಜನ. ನಾನು ಹೋದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ. "ವಿನ್ನಿ ಯಾವಾಗ ಬರೋದು?" ಟೀ ಕೊಡುವವಳಿಂದ ಹಿಡಿದು ಎಲ್ಲರೂ. ಮೊದಮೊದಲು ಕ್ರಿಸ್‌ಮಸ್ಸಿಗೆ ಅಂದೆ. ಆಮೇಲೆ ಮೇವಿಸ್ ನೆಟ್ಟಗಾದ ಮೇಲೆ ಅಂದೆ. ಆಮೇಲೆ ನಗುತ್ತಿದ್ದೆ. ಅವರ ಬಾಯಿ ಮುಚ್ಚಿಸಬೇಕೆಂದು ನನಗೊಂದು ಐಡಿಯಾ ಬಂತು. ಆಲೂಗಡ್ಡೆ ಮೂಟೆಯನ್ನು ಹಿಂದಿನ ಸೀಟಿನ ಮೇಲೆ ಕೂರಿಸಿ ಪಟ್ಟಿಯಿಂದ ಬಿಗಿದೆ. ನಿನ್ನ ಹಳೆಯ ಮಳೆ ಕೋಟು ತೊಡಿಸಿದೆ. ಪೊರಕೆ ಕೋಲು ಸಿಕ್ಕಿಸಿ ಅದರ ಮೇಲೆ ನಿನ್ನ ಹೆಲ್ಮೆಟ್ಟು, ನೀಲಿ ಸ್ಕಾರ್ಫು. ತೋಳುಗಳನ್ನು ನನ್ನ ಸೊಂಟದ ಸುತ್ತ ತಂದು ಮುಂದೆ ಪಿನ್ನು ಹಾಕಿದೆ. ಮೂಟೆಯ ತೂಕ ಎಷ್ಟು ಎಂದು ಬರೆದರೆ ನೀನು ಕೊಲ್ಲುತ್ತೀಯ, ಆದ್ದರಿಂದ ಬರೆಯುವುದಿಲ್ಲ. ಸರಿಹೋಯಿತು ಎಂದಷ್ಟೇ ಹೇಳುತ್ತೇನೆ.

ಮೂಟೆಗೆ ತೊಂದರೆಯಾಗದಿರಲಿ ಎಂದು ಸುತ್ತು ಬಳಸಿನ ಒಳ್ಳೆಯ ರಸ್ತೆ ಹಿಡಿದೆ. ಬಿಸಿಲಿತ್ತು. ಮರೆತು ಕಿವಿ ಹಿಂಡಿದೆ. ವಿನ್ನಿ, ಡಚೆಸ್ ರೈಲು ಹಳಿಯ ಮೇಲೆ ಹೋದ ಹಾಗೆ ಹೋದಳು. ತಿರುವಿನಲ್ಲಿ ಬಾಗಿದಳು, ಎದ್ದಳು, ಮತ್ತೆ ಬಾಗಿದಳು. ಒಂದು ಸಲವೂ ತಲೆಯಾಡಿಸಲಿಲ್ಲ. ಸೊಂಟದ ಮೇಲೆ ಕೋಟಿನ ತೋಳು ಒತ್ತುತ್ತಿತ್ತು. ನಾನು ಜೋರಾಗಿ ಏನೋ ಹೇಳಿದೆ, ನಿನಗೆ ಹೇಳುವ ಹಾಗೆ, ಬಲಕ್ಕೆ ನೋಡು ಕೊಕ್ಕರೆ ಅಂತ. 

ದಂಡೆಗೆ ಬಂದಾಗ ದೂರದಿಂದಲೇ ನೋಡಿದ ಜನ ಕೈ ಬೀಸಿದರು. "ಓ, ವಿನ್ನಿ ಬಂದ್ಲು ಕಣ್ರೋ!" ಎಂದು ಯಾರೋ ಕೂಗಿದರು. ನೊರೀನ್ ಟೀ ಕಪ್ಪು ಬಿಟ್ಟು ಓಡಿಬಂದಳು, ಕೈ ಚಾಚಿಕೊಂಡು, ತಬ್ಬಿಕೊಳ್ಳುವುದಕ್ಕೆ. ಹತ್ತಿರ ಬಂದವಳು ಹೆಲ್ಮೆಟ್ಟಿನೊಳಗೆ ಪೊರಕೆ ಕೋಲು ಕಂಡು ನಿಂತಳು. ನಾನು ನಗಲು ತಯಾರಾಗಿದ್ದೆ. ಯಾರೂ ನಗಲಿಲ್ಲ. "ಇದು ಚೆನ್ನಾಗಿಲ್ಲ ಪರ್ಸಿ" ಎಂದಳು ಮೆತ್ತಗೆ, ಬೈದಿದ್ದರೆ ವಾಸಿಯಿತ್ತು. ನನ್ನ ಸೊಂಟದ ಪಿನ್ನು ತಾನೇ ಬಿಚ್ಚಿ, ನಿನ್ನ ಸ್ಕಾರ್ಫು ಮಡಿಸಿ ನನ್ನ ಜೇಬಿಗೆ ಇಟ್ಟಳು. ಇಷ್ಟು ವರ್ಷ ಈ ಜನರನ್ನು ನಗಿಸಿದ್ದೇನೆ, ಅವತ್ತು ಅವರೆಲ್ಲ ತಮ್ಮ ತಮ್ಮ ಬನ್ನು ನೋಡುತ್ತ ನಿಂತರು.

ಸೆಲ್ವಿನ್ ಒಬ್ಬನೇ ಮೂಟೆಯ ಕಡೆ ನೋಡಲಿಲ್ಲ. "ಇವತ್ತು ಹೆಂಗೆ ಬಂತು ಗಾಡಿ?" ಎಂದ. ನೆಟ್ಟಗೆ ಬಂತು ಎಂದೆ. ಅವನು ಮಂಡಿಯೂರಿ ಹಿಂದಿನ ಸ್ಪ್ರಿಂಗುಗಳ ಬುಡ ನೋಡಿದ. ಅಲ್ಲಿ ಮೂರು ಮೆಟ್ಟಿಲಿನ ಬಳೆ ಇದೆಯಲ್ಲ, ಹಿಂದೆ ಭಾರ ಇದ್ದಾಗ ಮೇಲಕ್ಕೆ ತಿರುಗಿಸುತ್ತೇವಲ್ಲ, ಅದು ಎರಡೂ ಕಡೆ ತುತ್ತತುದಿಯಲ್ಲಿ ಇತ್ತು. ಹೋದ ಬೇಸಿಗೆಯಲ್ಲಿ ನೀನು ಹತ್ತುವ ಮುಂಚೆ ನಾನೇ ತಿರುಗಿಸಿದ್ದು. "ಅಯ್ಯೋ ಮಂಕೇ, ಇದನ್ನ ನಾನೂ ನೋಡ್ಲಿಲ್ವಲ್ಲ" ಎಂದು ಹಣೆ ಹೊಡೆದುಕೊಂಡ. "ಇಬ್ರಿಗೆ ಅಂತ ಇಟ್ಕೊಂಡು ಒಬ್ನೇ ಓಡಿಸ್ತಿದ್ದೀಯ. ಹಿಂದುಗಡೆ ಎದ್ದು ನಿಂತಿದೆ, ಮೂತಿ ನೆಲಕ್ಕೆ ಹೋಗಿದೆ, ಇಬ್ರ ಗಾಳಿಗೆ ಹಿಂದಿನ ಟೈರು ಕಲ್ಲಾಗಿದೆ. ತಲೆ ಆಡಿಸ್ದೆ ಇನ್ನೇನ್ ಮಾಡುತ್ತೆ ಪಾಪ?" ಜೇಬಿನಿಂದ ಕೊಕ್ಕೆ ಸ್ಪ್ಯಾನರ್ ತೆಗೆದ. "ಒಬ್ಬನ ಮೆಟ್ಟಿಲಿಗೆ ಇಳಿಸ್ಬಿಡ್ತೀನಿ, ಎರಡೇ ನಿಮಿಷ." ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಬೇಡ, ಮನೆಗೆ ಹೋಗಿ ನಾನೇ ಮಾಡುತ್ತೇನೆ ಎಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು, ನನಗೊಂದು ಟೀ ತರಲು ಹೋದ.

ಅಂದಿನಿಂದ ಆ ಸ್ಪ್ಯಾನರ್ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದೆ. ದಿನಾ ಹೋಗಿ ಡಚೆಸ್ ಪಕ್ಕ ಕೂರುತ್ತೇನೆ. ತಿರುಗಿಸಿದರೆ ನೆಟ್ಟಗಾಗುತ್ತಾಳೆ ಎಂದು ಗೊತ್ತು. ಅದನ್ನು ತಿರುಗಿಸಲು ನನ್ನ ಕೈ ಬರುತ್ತಿಲ್ಲ, ಮನೆಯಲ್ಲಿ ಒಬ್ಬನೇ ಎಂದು ಬಾಗಿಲಿಗೆ ಬೋರ್ಡು ಹಾಕಿದ ಹಾಗಾಗುತ್ತದೆ. ಬೈಯಬೇಡ, ನೀನು ಮಾಡಿದ್ದು ಸರಿ. ಮೇವಿಸ್‌ಗೆ ನೀನು ಬೇಕಿತ್ತು. ಅಲ್ಲಿ ನಿನ್ನ ಉಸಿರು ಹಗುರವಾಗಿದೆ, ಮೀನುಗಾರರ ದೋಣಿಗಳ ಚಿತ್ರ ಬರೆಯುತ್ತಿದ್ದೀಯ, ಬೆಳಗಿನ ತಿಂಡಿಗೆ ಹೊಗೆ ಹಿಡಿಸಿದ ಹೆರ್ರಿಂಗ್ ಮೀನು ಸಿಗುತ್ತದೆ. ಹೋದ ಕಾಗದದಲ್ಲಿ ನೀನು "ನಮ್ಮ ಹಿತ್ತಲಿಂದ ಸಮುದ್ರ ಕಾಣುತ್ತೆ" ಎಂದು ಬರೆದಿದ್ದೆ. ಓದಿ ಕಿಟಕಿಯಿಂದ ಹೊರಗೆ ನೋಡಿದೆ, ನಮ್ಮ ಹಿತ್ತಲಿಂದ ಕಂಡದ್ದು ಪಕ್ಕದ ಮನೆಯವರ ಚಡ್ಡಿ. ಅದೂ ಅಲೆ ಅಲೆಯಾಗಿಯೇ ಆಡುತ್ತಿತ್ತು, ಆ ಮಾತು ಬೇರೆ.

ಮೇವಿಸ್‌ಗೆ ನನ್ನ ನೆನಪು ಹೇಳು, ಅವಳಿಗೆ ಬೇಡವಾದರೂ ಹೇಳು. ಗಾಳಿಯಲ್ಲಿ ನಿಲ್ಲಬೇಡ, ಸ್ಕಾರ್ಫು ಕಟ್ಟಿಕೋ. ಓ, ಸ್ಕಾರ್ಫು ನನ್ನ ಜೇಬಿನಲ್ಲಿದೆ, ಅವಳದನ್ನು ಕಟ್ಟಿಕೋ.

ನಿನ್ನ ಮುಂದಿನ ಸೀಟಿನವನು,
ಪರ್ಸಿ

ಮರೆತದ್ದು: ಸೋಮವಾರ ಬೆಳಿಗ್ಗೆ, ಅಂಚೆಯ ಹುಡುಗಿ ಬರುವಷ್ಟರಲ್ಲಿ ಬರೆಯುತ್ತಿದ್ದೇನೆ. ಇಳಿಸಿದೆ ವಿನ್ನಿ. ಎಡಗಡೆಯದೂ ಬಲಗಡೆಯದೂ, ಒಬ್ಬನ ಮೆಟ್ಟಿಲಿಗೆ. ಹಿಂದಿನ ಟೈರಿನ ಗಾಳಿಯನ್ನೂ ಒಬ್ಬನ ಅಳತೆಗೆ ಬಿಟ್ಟೆ, ಬಹಳ ಹೊತ್ತು ಉಸ್ಸೆಂದಿತು. ಆ್ಯಶ್‌ಬೋರ್ನಿನವರೆಗೆ ಹೋಗಿ ಬಂದೆ, ಕೈ ಬಿಟ್ಟರೂ ನೆಟ್ಟಗೆ ಹೋಗುತ್ತಾಳೆ. ಶನಿವಾರ ಬರುತ್ತಿದ್ದೇನೆ, ಮಧ್ಯಾಹ್ನದ ಊಟಕ್ಕೆ ಮೇವಿಸ್ ಒಂದು ಮೀನು ಜಾಸ್ತಿ ಇಡಲಿ. ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ. ನಿನ್ನ ಹೆಲ್ಮೆಟ್ಟು ತರುತ್ತೇನೆ, ಕೊಕ್ಕೆ ಸ್ಪ್ಯಾನರ್ ಎಡ ಜೇಬಿನಲ್ಲಿ, ಗಾಳಿ ಪಂಪು ಸೀಟಿನ ಕೆಳಗೆ. ಹೊರಡುವಾಗ ನೀನು ಹೆಲ್ಮೆಟ್ಟು ತೆಗೆದುಕೊಂಡರೆ ಅಲ್ಲೇ ಅಂಗಳದಲ್ಲಿ ಮಂಡಿಯೂರಿ ಮತ್ತೆ ಇಬ್ಬರ ಮೆಟ್ಟಿಲಿಗೆ ತಿರುಗಿಸುತ್ತೇನೆ. ತೆಗೆದುಕೊಳ್ಳದಿದ್ದರೆ ಮೇವಿಸ್ ನಾಲ್ಕು ಹೆರ್ರಿಂಗ್ ಕಟ್ಟಿಕೊಡಲಿ, ಅಷ್ಟು ಭಾರಕ್ಕೆ ಏನನ್ನೂ ತಿರುಗಿಸಬೇಕಾಗಿಲ್ಲ.